ನಮ್ಮವರ ಹೆಸರಿನವರು

ನಮ್ಮವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಏನಾಗುತ್ತದೆ ಎಂದು ಮೊಮ್ಮಕ್ಕಳು ನಗುತ್ತಾರೆ, ನಗಲಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕರಗುತ್ತದೆ ಎಂದು ನನ್ನ ತಾಯಿ ಹೇಳಿದಾಗ ನಾನಿನ್ನೂ ಲಂಗ ತೊಡುವ ಹುಡುಗಿ. ಆ ವಯಸ್ಸಿನಲ್ಲಿ ಹೊಕ್ಕ ಅಂಜಿಕೆ ಎಲುಬಿನ ತನಕ ಇಳಿದಿರುತ್ತದೆ. ಆಮೇಲೆ ಎಷ್ಟು ಓದಿದರೂ ಅದು ಹೊರಗೆ ಬರುವುದಿಲ್ಲ, ಮೆಟ್ರಿಕ್ ಪಾಸಾದ ನನಗೇ ಬರಲಿಲ್ಲ.

ನಮ್ಮ ಕಡೆ ಇದಕ್ಕೊಂದು ಬಿಡುವು ಇದೆ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ, ಹೆಣ್ಣುಮಕ್ಕಳು ಒಡಪು ಹೇಳುವಾಗ ನಾಲ್ಕು ಸಾಲಿನ ಪದ್ಯದ ನಡುವೆ ಗಂಡನ ಹೆಸರನ್ನು ಸುತ್ತಿ ಹೇಳಬಹುದು. ಹೂವಿನ ನಡುವೆ ಇಟ್ಟು ಕೊಟ್ಟಂತೆ ಅದು, ದೋಷವಿಲ್ಲ. ನನ್ನ ಮದುವೆಯಲ್ಲಿ ನಾನೂ ಹೇಳಿದ್ದೆ, ಆದರೆ ಎಷ್ಟು ಮೆಲ್ಲಗೆಂದರೆ ಪಕ್ಕದಲ್ಲಿ ಕುಳಿತಿದ್ದ ಅವರಿಗೂ ಕೇಳಿಸಲಿಲ್ಲ. ಇನ್ನು ಮಾವನ ಹೆಸರಿಗೆ ಒಡಪೂ ಇಲ್ಲ, ಬಿಡುವೂ ಇಲ್ಲ. ಅದನ್ನು ಸೊಸೆಯಾದವಳು ಕನಸಿನಲ್ಲಿಯೂ ಆಡಬಾರದು.

ನಾನು ಆ ಮನೆ ಸೇರಿದ್ದು ಎಂಬತ್ತರ ದಶಕದ ನಡುವೆ. ಕುಡಚಿಗೂ ದಿಗ್ಗೇವಾಡಿಗೂ ಮಧ್ಯದ ಒಂದು ಹಳ್ಳಿ, ಹೊಳೆ ಅರ್ಧ ತಾಸಿನ ದಾರಿ. ನಮ್ಮವರು ಪಂಪಿನ ಮೋಟಾರು ರಿಪೇರಿ ಮಾಡುತ್ತಿದ್ದರು. ಹೊಳೆದಂಡೆಯ ಕಬ್ಬಿನ ಹೊಲದವರಿಗೆಲ್ಲ ಅವರು ಬೇಕು. ಮೋಟಾರು ಸುಟ್ಟಿತೆಂದರೆ ಚಹಾದಂಗಡಿಯಲ್ಲಿ ಹೇಳಿ ಹೋಗುತ್ತಿದ್ದರು, ಇವರು ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಹೊರಡುತ್ತಿದ್ದರು. ಮನೆಯಲ್ಲಿ ಅತ್ತೆ, ನಾನು, ಅವರು, ಆಮೇಲೆ ಒಬ್ಬಳು ಮಗಳು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು.

ನಮ್ಮವರ ಹೆಸರು ನಮ್ಮ ಭಾಗದ ಒಬ್ಬ ದೇವರ ಹೆಸರು. ಗಂಡು ಮಗು ಉಳಿಯಲೆಂದು ಹರಕೆ ಹೊತ್ತವರೆಲ್ಲ ಅದೇ ಹೆಸರಿಡುತ್ತಿದ್ದರು. ಹೀಗಾಗಿ ಚಿಕ್ಕೋಡಿಯಿಂದ ಅಥಣಿಯ ತನಕ ಕಲ್ಲೆಸೆದರೆ ಆ ಹೆಸರಿನವನೊಬ್ಬನಿಗೆ ಬೀಳುತ್ತಿತ್ತು. ಅದರಲ್ಲಿ ನಾಲ್ಕು ಮಂದಿ ದೊಡ್ಡವರಾಗಿದ್ದರು. ನಿಪ್ಪಾಣಿಯಲ್ಲಿ ಒಬ್ಬ ಡಾಕ್ಟರು, ಅವರ ಕೈಗುಣಕ್ಕೆ ಗಡಿಯಾಚೆಯಿಂದಲೂ ಜನ ಬರುತ್ತಿದ್ದರು. ಅಥಣಿ ಕಡೆ ಒಬ್ಬ ಪೈಲವಾನ. ಚಿಕ್ಕೋಡಿಯಲ್ಲಿ ಒಬ್ಬ ಪುಢಾರಿ, ಬಿಳಿ ಟೋಪಿ, ಕೈಮುಗಿದೇ ಓಡಾಡುವ ಮನುಷ್ಯ. ಕಾಗವಾಡದ ಹತ್ತಿರ ಬಯಲಾಟದಲ್ಲಿ ಹೆಣ್ಣುಪಾತ್ರ ಹಾಕುವ ಒಬ್ಬ ಗಂಡಸು. ಅವನು ಸೀರೆಯುಟ್ಟು ನಿಂತರೆ ನಮ್ಮೂರ ಹೆಂಗಸರೇ ನಾಚಿಕೊಳ್ಳುತ್ತಿದ್ದರು.

ಗಂಡನ ಹೆಸರು ಹೇಳಬಾರದು ಎಂದ ಮೇಲೆ ಈ ನಾಲ್ವರ ಹೆಸರೂ ನನಗೆ ಹೇಳುವಂತಿರಲಿಲ್ಲ. ಹೆಸರು ಒಂದೇ ಅಲ್ಲವೇ? ನಾನು ‘ನಮ್ಮವರ ಹೆಸರಿನ ಡಾಕ್ಟರು’, ‘ನಮ್ಮವರ ಹೆಸರಿನ ಪೈಲವಾನ’ ಎನ್ನುತ್ತಿದ್ದೆ. ಓಣಿಯ ಹೆಂಗಸರು ಬೇಕೆಂದೇ ಕೇಳುತ್ತಿದ್ದರು, ಈ ಸಲ ಕುಸ್ತಿಯಲ್ಲಿ ಗೆದ್ದವನು ಯಾರೇ ಎಂದು. ಪೈಲವಾನ ಗೆದ್ದ ದಿನ ಚಹಾದಂಗಡಿಯವರು ಇವರನ್ನು ಎತ್ತಿ ಕುಣಿಸಿದರಂತೆ. ಇವರೋ ಕಡ್ಡಿ, ಗಾಳಿ ಜೋರಾಗಿ ಬಂದರೆ ಕಂಬ ಹಿಡಿದುಕೊಳ್ಳುವ ಆಳು. ‘ಹೆಸರ ಗಂಗಾಭವಾನಿ, ಕುಡ್ಯಾಕ ನೀರಿಲ್ಲ’ ಎಂದು ಅತ್ತೆ ಮಗನನ್ನು ನೋಡಿ ನಗುತ್ತಿದ್ದರು. ರಾಯಬಾಗದ ದವಾಖಾನೆಯಲ್ಲಿ ನಾನು ಬಾಣಂತಿಯಾಗಿ ಮಲಗಿದಾಗ ನರ್ಸಬಾಯಿ ಗಂಡನ ಹೆಸರೇನು ಎಂದಳು. ನಾನು ಸುಮ್ಮನೆ ಗೋಡೆ ನೋಡಿದೆ. ಕೊನೆಗೆ ಚಿಕ್ಕೋಡಿಯ ಪುಢಾರಿಯ ಹೆಸರು ಅಂದೆ. ಅವಳು ತಬ್ಬಿಬ್ಬಾಗಿ ನನ್ನ ಮುಖ, ಮಗುವಿನ ಮುಖ ಎರಡನ್ನೂ ನೋಡಿದಳು. ಆ ಹೊತ್ತಿಗೆ ಅತ್ತೆ ಒಳಗೆ ಬಂದದ್ದಕ್ಕೆ ನನ್ನ ಮಾನ ಉಳಿಯಿತು.

ನಗುವಿನ ದಿನಗಳು ಅಲ್ಲಿಗೆ ಮುಗಿದವು, ಯಾಕೆಂದರೆ ಐದನೆಯವನೊಬ್ಬ ಬಂದ.

ನಿಪ್ಪಾಣಿಯ ತಂಬಾಕು ಕೂಡಿಡುವ ಒಂದು ವಖಾರದ ಮುಂದೆ ಹಾಡಹಗಲೇ ಒಂದು ಕೊಲೆಯಾಯಿತು. ಮೂಟೆ ಹೊರುವ ಕೂಲಿಗಳಿಬ್ಬರ ನಡುವೆ ಬೆಳೆದ ಜಗಳ. ಸತ್ತವನು ಕಾಗವಾಡದ ಕಡೆಯವನು. ಕೊಂದವನ ಹೆಸರು ನಮ್ಮವರದೇ. ಕೊಂದವನು ಓಡಿಹೋಗಿ ರಾಯಬಾಗದ ಸೀಮೆಯಲ್ಲಿ, ಹೊಳೆಸಾಲಿನ ಯಾವುದೋ ಹಳ್ಳಿಯಲ್ಲಿ ಅಡಗಿದ್ದಾನೆ ಎಂದು ಸುದ್ದಿ ಹಬ್ಬಿತು. ಪೇಪರಿನಲ್ಲಿ ಬಂದದ್ದು ಬರೀ ಹೆಸರು. ಅಪ್ಪನ ಹೆಸರಿಲ್ಲ, ಅಡ್ಡಹೆಸರಿಲ್ಲ. ಚಹಾದಂಗಡಿಯಲ್ಲಿ ಯಾರೋ ಅದನ್ನು ಇವರಿಗೆ ತೋರಿಸಿ ‘ಏನಪಾ, ಯಾವಾಗ ಹೋಗಿ ಬಂದಿ?’ ಎಂದು ಚೇಷ್ಟೆ ಮಾಡಿದರಂತೆ. ಇವರು ಮನೆಗೆ ಬಂದು ಅದನ್ನು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ, ರೊಟ್ಟಿ ಹೆಂಚಿನ ಮೇಲೆ ಹೊತ್ತಿಹೋಯಿತು.

ಕೆಲವು ದಿನಕ್ಕೆ ಪೊಲೀಸಪ್ಪನೊಬ್ಬ ಬಂದು ಇವರನ್ನು ಕರೆದುಕೊಂಡು ಹೋದ. ಬೆಳಿಗ್ಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬಂದರು. ಮುಖ ಬಾಡಿತ್ತು, ಹೊಡೆದಿರಲಿಲ್ಲ, ಬೆಂಚಿನ ಮೇಲೆ ಕೂರಿಸಿ ಕೇಳಿದ್ದನ್ನೇ ಕೇಳಿದರಂತೆ. ಊರ ಹಿರಿಯರೊಬ್ಬರು ಹೋಗಿ ‘ಇವರಪ್ಪನ ಹೆಸರು ಇಂಥಾದ್ದು, ನೀವು ಹುಡುಕುವವನ ಅಪ್ಪನ ಹೆಸರು ಬೇರೆ’ ಎಂದು ಹೇಳಿದ ಮೇಲೆಯೇ ಬಿಟ್ಟರು. ‘ಎತ್ತಿಗೆ ಜ್ವರ ಬಂದರ ಎಮ್ಮಿಗೆ ಬರಿ’ ಎಂದು ಅತ್ತೆ ಪೊಲೀಸರನ್ನೆಲ್ಲ ಬೈದರು. ಆಮೇಲೆ ತಣ್ಣಗಾಗಿ, ಇನ್ನು ಮುಂದೆ ಯಾರು ಕೇಳಿದರೂ ಅಪ್ಪನ ಹೆಸರು ಕೂಡಿಸಿ ಹೇಳಬೇಕು ಎಂದರು. ಆದರೆ ಹೇಳುವುದು ಯಾರು? ಮನೆಯಲ್ಲಿ ಹಗಲು ಇರುವವರು ನಾವಿಬ್ಬರೇ ಹೆಂಗಸರು. ಅತ್ತೆ ಮಗನ ಹೆಸರು ಹೇಳಬಲ್ಲರು, ಗಂಡನದನ್ನು ಹೇಳುವಂತಿಲ್ಲ. ನಾನು ಎರಡನ್ನೂ ಹೇಳುವಂತಿಲ್ಲ. ಇವರನ್ನು ಉಳಿಸುವ ಆ ಒಂದು ಹೆಸರು ನಮ್ಮಿಬ್ಬರ ಬಾಯಲ್ಲೂ ಬರುವ ಹಾಗಿರಲಿಲ್ಲ.

ಅವತ್ತಿನಿಂದ ನನಗೆ ಹೆದರಿಕೆ ಹತ್ತಿತು. ಸೈಕಲ್ಲು ಹಿತ್ತಲ ಗೋಡೆಗೆ ಒರಗಿದ ಸಪ್ಪಳ ಕೇಳುವ ತನಕ ಜೀವ ಕೈಯಲ್ಲಿ. ಓಣಿಯಲ್ಲಿ ಯಾರಾದರೂ ಆ ಹೆಸರನ್ನು ಕೂಗಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಪೊಲೀಸರಾದರೆ ಕೇಳುತ್ತಾರೆ, ಕೂರಿಸುತ್ತಾರೆ, ಬಿಡುತ್ತಾರೆ. ಸತ್ತವನ ಮನೆಯವರು ಕೇಳುತ್ತಾರೆಯೇ? ನಾನು ಇವರಿಗೆ ಸ್ವಲ್ಪ ದಿನ ಕೆಲಸಕ್ಕೆ ಹೋಗಬೇಡಿ ಎಂದೆ. ಇವರು, ಕಬ್ಬು ಒಣಗುವವರಿಗೆ ಏನು ಹೇಳಲಿ, ನನ್ನ ಹೆಂಡತಿಗೆ ಅಂಜಿಕೆ ಅಂತ ಹೇಳಲೇ ಎಂದರು. ನನಗೆ ಸಿಟ್ಟು ಬಂದು ಎರಡು ದಿನ ಮಾತು ಬಿಟ್ಟೆ. ಗಂಡಸರಿಗೆ ಅಂಜಿಕೆಯನ್ನು ತಿಳಿಸಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಶಿವರಾತ್ರಿ ಮುಗಿದು ಬಿಸಿಲು ಏರಿದ ದಿನಗಳು. ಕಬ್ಬು ಅಲ್ಲಲ್ಲಿ ಕಡಿದಾಗಿತ್ತು, ಅಲ್ಲಲ್ಲಿ ಇನ್ನೂ ನಿಂತಿತ್ತು. ಮಧ್ಯಾಹ್ನ ಊರು ಸುಮ್ಮನಿರುವ ಹೊತ್ತು. ಅತ್ತೆ ಎಮ್ಮೆಗೆ ಮೇವು ತರಲು ಹೋಗಿದ್ದರು. ಮಗಳನ್ನು ತೊಟ್ಟಿಲಿಗೆ ಹಾಕಿ ನಾನು ಶೇಂಗಾ ಸುಲಿಯುತ್ತ ಕುಳಿತಿದ್ದೆ. ಒಂದು ಫಟಫಟಿ ಬಂದು ಬಾಗಿಲ ಮುಂದೆ ನಿಂತಿತು. ಇಬ್ಬರು ಇಳಿದರು. ಒಬ್ಬ ಹಿರಿಯ, ನರೆತ ಮೀಸೆ, ತಲೆಗೆ ರುಮಾಲು. ಇನ್ನೊಬ್ಬ ಹರೆಯದವನು, ಗಡ್ಡ ಬಿಟ್ಟಿದ್ದ, ಕೈಯಲ್ಲಿ ಸುತ್ತಿದ ಗೋಣಿಚೀಲ.

ನಾನು ಸೆರಗು ಎಳೆದುಕೊಂಡು ಬಾಗಿಲ ಮರೆಗೆ ನಿಂತೆ. ಹಿರಿಯ ನಮ್ಮವರ ಹೆಸರು ಹೇಳಿ, ಅವರ ಮನೆ ಇದೇ ಏನು ಎಂದು ಕೇಳಿದ. ದನಿ ಮೆತ್ತಗಿತ್ತು. ಮೋಟಾರಿನವರು ಎಂದುಕೊಂಡೆ, ಗೋಣಿಚೀಲದಲ್ಲಿ ಏನೋ ಸುಟ್ಟ ಸಾಮಾನಿದೆ ಎಂದುಕೊಂಡೆ. ತಲೆಯಾಡಿಸಿದೆ. ಹರೆಯದವನು ‘ಅವರಪ್ಪನ ಹೆಸರೇನು?’ ಎಂದ.

ಅತ್ತೆ ಹೇಳಿದ್ದು ನೆನಪಿತ್ತು, ಹೇಳಬೇಕು, ಹೇಳಬೇಕು. ಆದರೆ ಪರಪುರುಷರ ಮುಂದೆ ಮಾವನ ಹೆಸರು! ಓಣಿಯಲ್ಲಿ ಯಾರಾದರೂ ಕಂಡರೆ ಅವರ ಬಾಯಿಂದ ಹೇಳಿಸೋಣವೆಂದು ಹಣಕಿ ನೋಡಿದೆ. ಬಿಸಿಲಿಗೆ ಒಂದು ನಾಯಿಯೂ ಇರಲಿಲ್ಲ. ಹಿರಿಯನೇ ಹರೆಯದವನನ್ನು ತಡೆದ.

‘ಮನೀ ಸೊಸಿ ಅದಾಳೋ. ಮಾವನ ಹೆಸರ ಹ್ಯಾಂಗ ಹೇಳ್ಯಾಳು? ಸುಮ್ಮ ಯಾಕ ಕಾಡ್ತಿ ಆಕಿನ್ನ.’

ನನಗೆ ಆ ಮನುಷ್ಯನ ಮೇಲೆ ಮರ್ಯಾದೆ ಹುಟ್ಟಿತು. ಮಾನವಂತರು ಎಂದುಕೊಂಡೆ. ಒಳಗೆ ಹೋಗಿ ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ತಂದು ಕಟ್ಟೆಯ ಮೇಲಿಟ್ಟೆ. ಹಿರಿಯ ಕೈಮುಗಿದು ಬೇಡವೆಂದ. ಎಲ್ಲಿ ಹೋಗಿದ್ದಾರೆ ಎಂದು ಕೇಳಿದ. ಹೊಳೆದಂಡೆಯ ಜಾಕ್‌ವೆಲ್ಲಿಗೆ ಹೋಗಿದ್ದಾರೆ, ದಿಗ್ಗೇವಾಡಿಯ ದಾರಿ ಹಿಡಿದು ಹೋದರೆ ಸಿಗುತ್ತಾರೆ ಎಂದೆ. ಜಾಕ್‌ವೆಲ್ಲೆಂದರೆ ಹೊಳೆಯ ದಂಡೆಯಲ್ಲಿ ತೋಡಿ ಕಲ್ಲಿನಿಂದ ಕಟ್ಟಿದ ಆಳದ ಬಾವಿ, ಅದರೊಳಗೆ ಪಂಪು ಕೂರಿಸಿರುತ್ತಾರೆ. ಅವರು ಹೊರಟರು. ಹರೆಯದವನು ಫಟಫಟಿಗೆ ಕಿಕ್ ಹೊಡೆಯುವಾಗ ನೋಡಿದೆ, ಅವನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಿಮ್ಮಡಿ ಒಡೆದು ರಕ್ತ ಒಣಗಿತ್ತು.

ಅವರು ಹೋದ ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಮೇವಿನ ಹೊರೆ ಇಳಿಸಿ, ಕಟ್ಟೆಯ ಮೇಲಿನ ತಂಬಿಗೆ, ಬೆಲ್ಲ ನೋಡಿದರು. ಯಾರು ಬಂದಿದ್ದರು ಎಂದರು. ಹೇಳಿದೆ. ನೀರು ಯಾಕೆ ಹಾಗೇ ಇದೆ ಎಂದರು. ಬೇಡ ಅಂದರು ಎಂದೆ.

ಅತ್ತೆಯ ಮುಖ ನಾನು ನೋಡುತ್ತಿರುವಂತೆಯೇ ಬಣ್ಣ ಕಳೆದುಕೊಂಡಿತು. ಈ ಬಿಸಿಲಲ್ಲಿ ದೂರದಿಂದ ಬಂದವರು ಯಾರಾದರೂ ನೀರು ಒಲ್ಲೆ ಎನ್ನುತ್ತಾರೆಯೇ? ನಮ್ಮ ಕಡೆ ನೀರು, ಬೆಲ್ಲ ಒಲ್ಲೆ ಎನ್ನುವುದು ಎರಡೇ ಕಡೆ. ಒಂದು ಸೂತಕದ ಮನೆ, ಇನ್ನೊಂದು ವೈರಿಯ ಮನೆ. ಒಂದು ಗುಟುಕು ಕುಡಿದರೂ ಆ ಮನೆಯವರ ಮೇಲೆ ಕೈ ಎತ್ತುವಂತಿಲ್ಲ.

‘ಕಾಲಾಗ ಚಪ್ಪಲಿ ಇದ್ದೂವೇನು?’ ಎಂದರು ಅತ್ತೆ.

ಒಬ್ಬನ ಕಾಲಲ್ಲಿ ಇರಲಿಲ್ಲ ಎಂದೆ. ಗಡ್ಡವೂ ಬಿಟ್ಟಿದ್ದ ಎಂದೆ. ಹೇಳುತ್ತಿದ್ದಂತೆ ನನಗೇ ತಿಳಿಯಿತು. ಅಣ್ಣ ತಮ್ಮಂದಿರ ಸೇಡು ತೀರುವ ತನಕ ಕಾಲಿಗೆ ಮೆಟ್ಟುವುದಿಲ್ಲ, ಗಡ್ಡ ತೆಗೆಸುವುದಿಲ್ಲ ಎಂದು ಆಣೆ ಮಾಡುವವರು ಇದ್ದಾರೆ, ಕಥೆಯಲ್ಲಿ ಕೇಳಿದ್ದೆ. ಆ ಗೋಣಿಚೀಲ ಉದ್ದಕ್ಕಿತ್ತು, ತೆಳ್ಳಗಿತ್ತು. ಅದರಲ್ಲಿ ಮೋಟಾರಿನ ಸಾಮಾನು ಹಿಡಿಯುವಂತೆಯೇ ಇರಲಿಲ್ಲ.

‘ಓಡ ಮಗಳ,’ ಎಂದರು ಅತ್ತೆ. ‘ಕಬ್ಬಿನಾಗ ಹಾದು ಓಡು. ರಸ್ತೆ ಸುತ್ತೈತಿ.’

ಓಡಿದೆ. ಸೆರಗು ಸಿಕ್ಕಿಸಿಕೊಂಡು, ಬರಿಗಾಲಲ್ಲಿ. ಊರ ಗಂಡಸರನ್ನು ಕೂಗಬೇಕೆಂದು ಆಗ ಹೊಳೆಯಲಿಲ್ಲ, ಹೊಳೆದಿದ್ದರೂ ಯಾರನ್ನು, ಎಲ್ಲಿ? ಎಲ್ಲರೂ ಗಾಣದ ಕಡೆ, ಉಗಾರದ ಸಕ್ಕರೆ ಫ್ಯಾಕ್ಟರಿಯ ಕಡೆ ಹೋಗಿದ್ದರು. ಕಡಿದ ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಆಮೇಲೆ ನಿಂತ ಕಬ್ಬು ಬಂತು. ಅದರೊಳಗೆ ಹೊಕ್ಕರೆ ಆಕಾಶ ಇಲ್ಲ, ದಾರಿ ಇಲ್ಲ, ನೀರು ಹಾಯಿಸುವ ಕಾಲುವೆಯೊಂದೇ ಗುರುತು. ಕಬ್ಬಿನ ಒಣಗರಿಯ ರವದಿ ಕಾಲಡಿಗೆ ಸರಸರ ಎಂದಾಗೆಲ್ಲ ಹಿಂದೆ ಯಾರೋ ಬರುತ್ತಿದ್ದಾರೆ ಎನ್ನಿಸುತ್ತಿತ್ತು. ಎಲೆಯಂಚು ಮುಖ ಗೀರುತ್ತಿತ್ತು. ಎಲ್ಲಿಯೋ ದೂರ ಫಟಫಟಿಯ ಸದ್ದು, ಬಾವಿ ಯಾವುದೆಂದು ತಿಳಿಯದೆ ಇನ್ನೂ ಸುತ್ತುತ್ತಿದ್ದರೋ ಏನೋ. ಅದು ನನ್ನ ಎಡಕ್ಕೆ ಕೇಳುತ್ತಿತ್ತು, ಆಮೇಲೆ ಮುಂದಕ್ಕೆ ಕೇಳಿತು, ಆಮೇಲೆ ನಿಂತುಹೋಯಿತು. ಅವರು ಮುಟ್ಟಿದ್ದರು, ನಾನಿನ್ನೂ ಕಬ್ಬಿನಲ್ಲಿದ್ದೆ.

ಓಡುತ್ತ ದೇವರನ್ನು ನೆನೆಯಲು ಹೋದರೆ ಆ ದೇವರ ಹೆಸರೂ ಅದೇ. ಅದನ್ನೂ ಕರೆಯಲಾರೆ. ನನ್ನ ಕರ್ಮ, ಅಂಥ ಗಂಡಾಂತರದಲ್ಲಿ ಬೇರೆ ಊರಿನ ದೇವರನ್ನು ಹುಡುಕಬೇಕಾಯಿತು.

ಕಬ್ಬು ಮುಗಿದಲ್ಲಿ ದಂಡೆ ಕಾಣಿಸಿತು. ಬಾವಿಯ ಕಲ್ಲುಕಟ್ಟೆ, ಅದರ ಮೇಲೆ ಇಬ್ಬರೂ ನಿಂತಿದ್ದರು. ಕಟ್ಟೆಯ ಬದಿಗೆ ಇವರ ಸೈಕಲ್ಲು. ಹೊಲದ ಮಾಲೀಕ ಊಟಕ್ಕೆ ಹೋಗಿದ್ದಿರಬೇಕು, ಬೇರೆ ಯಾರೂ ಇರಲಿಲ್ಲ. ಹರೆಯದವನ ಕೈಯಲ್ಲಿ ಗೋಣಿಚೀಲ ಇರಲಿಲ್ಲ, ಕೊಯ್ತಾ ಇತ್ತು. ಕಬ್ಬು ಕಡಿಯುವ ಅಗಲ ಅಲಗಿನ ಕೊಯ್ತಾ. ಬೆನ್ನ ಹಿಂದೆ ಹಿಡಿದಿದ್ದ. ಹಿರಿಯ ಬಾವಿಯೊಳಗೆ ಬಗ್ಗಿ ಇವರ ಹೆಸರು ಹಿಡಿದು ಕರೆದ. ಒಳಗಿನಿಂದ ಇವರ ದನಿ ಬಂತು.

‘ಹಾ, ನಾನ ರೀ. ಬಂದೆ, ಬಂದೆ.’

ಎಷ್ಟು ಉಲ್ಲಾಸದ ದನಿ ಅದು! ಯಾರೋ ಕೆಲಸಕ್ಕೆ ಕರೆಯಲು ಬಂದಿದ್ದಾರೆಂದು ನಂಬಿ, ಒಂದೊಂದೇ ಕಬ್ಬಿಣದ ಮೆಟ್ಟಿಲು ಹಿಡಿದು ಮೇಲೆ ಬರುತ್ತಿದ್ದಾರೆ. ಹರೆಯದವನು ಒಂದು ಹೆಜ್ಜೆ ಮುಂದೆ ಬಂದ. ಇವರ ಕೈ ಕಟ್ಟೆಯ ಅಂಚಿನಲ್ಲಿ ಕಾಣಿಸಿತು, ಗ್ರೀಸು ಮೆತ್ತಿದ ಕೈ. ಆಮೇಲೆ ತಲೆ.

ನಾನು ಕೂಗಿದೆ.

ಇವರ ಹೆಸರು ಕೂಗಿದೆ. ಅದಕ್ಕೆ ಹೊಂದಿಸಿ ಮಾವನ ಹೆಸರು ಕೂಗಿದೆ. ಅಡ್ಡಹೆಸರು, ಊರು ಎಲ್ಲ ಕೂಗಿದೆ. ಒಡಪಿಲ್ಲ, ಸುತ್ತಿಲ್ಲ, ಸೆರಗು ಎಲ್ಲಿತ್ತೋ ನೆನಪಿಲ್ಲ. ಇಂಥವರ ಮಗ ಇಂಥವರು, ನಿಪ್ಪಾಣಿಯ ಮುಖ ಕಂಡವರಲ್ಲ ಎಂದು ಹೊಳೆಯ ಆಚೆ ದಂಡೆಗೆ ಮುಟ್ಟುವಂತೆ ಕೂಗಿದೆ. ಒಮ್ಮೆಯಲ್ಲ, ಗಂಟಲು ಹರಿಯುವ ತನಕ ಮತ್ತೆ ಮತ್ತೆ. ಅಷ್ಟು ವರ್ಷ ಬಾಯೊಳಗೆ ಕಟ್ಟಿಟ್ಟಿದ್ದು ಒಮ್ಮೆಲೇ ಕಿತ್ತುಕೊಂಡು ಬಂದ ಹಾಗೆ ಬಂತು.

ಕೊಯ್ತಾ ಮೇಲೆದ್ದಿತ್ತು. ಹಿರಿಯ ಆ ಕೈಯನ್ನು ಹಿಡಿದ. ಇವರು ಅರ್ಧ ಮೈ ಬಾವಿಯೊಳಗೆ, ಅರ್ಧ ಮೈ ಹೊರಗೆ, ಮೇಲೆ ಹತ್ತಲಾರದೆ ಕೆಳಗೆ ಇಳಿಯಲಾರದೆ ನಿಂತಿದ್ದರು. ಅವರು ನೋಡುತ್ತಿದ್ದುದು ಕೊಯ್ತಾವನ್ನಲ್ಲ, ನನ್ನನ್ನು.

ಹರೆಯದವನು ಕೈ ಬಿಡಿಸಿಕೊಳ್ಳಲು ಒದ್ದಾಡಿದ. ‘ಬಿಡ ಕಾಕಾ, ಸುಳ್ಳ ಹೇಳಾಕತ್ತಾಳ ಆಕಿ. ಗಂಡನ್ನ ಉಳಿಸ್ಕೊಳ್ಳಾಕ ಏನರ ಹೇಳ್ತಾಳ.’

ಹಿರಿಯ ಆ ಕೈ ಬಿಡದೆ ನನ್ನ ಕಡೆ ನೋಡಿದ. ನನ್ನ ಮುಖದ ಮೇಲೆ ಕಬ್ಬಿನ ಎಲೆ ಕೊಯ್ದ ರಕ್ತ ಇಳಿಯುತ್ತಿತ್ತು. ಅವನ ಕಣ್ಣಿಗೆ ನಾನು ಹೇಗೆ ಕಂಡೆನೋ.

‘ಗಂಡನ ಹೆಸರ ಹೇಳ್ಯಾಳ. ಮಾವನ ಹೆಸರ ಹೇಳ್ಯಾಳ. ಯಾವ ಹೆಣ್ಮಗಳು ಸುಳ್ಳಿಗಂತ ಇಷ್ಟ ಮಾಡ್ಯಾಳಪಾ? ಇವ ಅಲ್ಲ. ನಡಿ.’

ಹರೆಯದವನು ನಡೆಯಲಿಲ್ಲ. ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಅಳತೊಡಗಿದ. ಸತ್ತವನು ಅವನ ಅಣ್ಣ. ದೊಡ್ಡ ಗಂಡಸು ಹಾಗೆ ಹುಡುಗನಂತೆ ಅಳುವುದನ್ನು ನಾನು ನೋಡಿರಲಿಲ್ಲ, ಅದನ್ನು ನೋಡಿಯೂ ನನಗೆ ಕನಿಕರ ಬರಲಿಲ್ಲ. ನನ್ನ ಕಣ್ಣು ಅವನ ಪಕ್ಕ ಬಿದ್ದಿದ್ದ ಕೊಯ್ತಾದ ಮೇಲೆಯೇ ಇತ್ತು. ಹಿರಿಯ ಅದನ್ನು ಗೋಣಿಚೀಲಕ್ಕೆ ಸುತ್ತಿ ಎತ್ತಿಕೊಂಡ. ಹೋಗುವಾಗ ನನ್ನ ಮುಂದೆ ತಲೆ ತಗ್ಗಿಸಿಯೇ ಹೋದ. ಆ ಹೆಸರಿನವರು ಈ ಸೀಮೆಯಲ್ಲಿ ಇನ್ನೂ ಎಷ್ಟು ಮಂದಿ ಇದ್ದಾರೆ ತಂಗಿ ಎಂದು ಕೇಳಿದ. ಯಾವುದೋ ಊರಲ್ಲಿ ಇನ್ನೊಬ್ಬಳು ಬಾಗಿಲ ಮರೆಯಲ್ಲಿ ನಿಂತು ಹೌದೆಂದು ತಲೆಯಾಡಿಸುತ್ತಿರುವುದು ನನಗೆ ಕಂಡಂತಾಯಿತು. ಮುಂದೆ ಮಳೆಗಾಲದಲ್ಲಿ ಆ ಕೊಲೆಗಾರನನ್ನು ಪೊಲೀಸರೇ ಮಿರಜದ ಕಡೆ ಹಿಡಿದರಂತೆ. ಅಲ್ಲಿಯ ತನಕ ಪೇಪರು ಬಂದಾಗೆಲ್ಲ ನಾನು ಅಂಜುತ್ತಲೇ ಬಿಡಿಸುತ್ತಿದ್ದೆ.

ಫಟಫಟಿಯ ಸದ್ದು ದೂರವಾದ ಮೇಲೆ ಇವರು ಮೇಲೆ ಹತ್ತಿ ಬಂದರು. ಕಟ್ಟೆಗೆ ಒರಗಿ ಕುಳಿತರು. ಅವರು ಯಾರು, ಯಾಕೆ ಬಂದಿದ್ದರು ಎಂದು ಕೇಳುತ್ತಾರೆ ಎಂದುಕೊಂಡೆ.

‘ನನ್ನ ಹೆಸರ ತಗೊಂಡೀ?’ ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಮೋಟಾರಿಗೆ ಕೈಹಾಕಿ ಕರೆಂಟಿನ ಜೊತೆ ಆಡುವ ಮನುಷ್ಯ, ನನ್ನ ಹೆದರಿಕೆಗೆ ನಕ್ಕ ಮನುಷ್ಯ. ಕೊಯ್ತಾ ತಲೆಯ ಮೇಲಿಂದ ಸರಿದ ಮೇಲೆ ಅವರಿಗೆ ಉಳಿದ ಅಂಜಿಕೆ ನನ್ನ ಬಾಯಿಯದು. ನನಗೆ ಅಳು ಬಂತು, ಸಿಟ್ಟೂ ಬಂತು. ಇಲ್ಲದಿದ್ದರೆ ತಲೆ ಇರುತ್ತಿರಲಿಲ್ಲ ಎಂದು ಗದರಿದೆ. ಗದರಿದೆನಾದರೂ ನನ್ನ ಒಳಗೂ ಅದೇ ಕುದಿಯುತ್ತಿತ್ತು. ಎಷ್ಟು ವರ್ಷ ಕರಗಿಸಿದೆ? ಒಮ್ಮೆ ಹೇಳಿದರೇ ಆಯುಷ್ಯ ಕಡಿಮೆ ಎಂದರೆ, ಅಷ್ಟು ಸಲ ಕೂಗಿದ್ದಕ್ಕೆ ಇನ್ನೇನು ಉಳಿದೀತು? ಮನೆಗೆ ಬರುವಾಗ ಅವರು ಸೈಕಲ್ಲು ತಳ್ಳುತ್ತ ಮುಂದೆ, ನಾನು ಹಿಂದೆ. ಅವರು ಒಮ್ಮೆ ಕೆಮ್ಮಿದರು. ಧೂಳಿಗೆ ಕೆಮ್ಮಿದ್ದು, ಆದರೂ ನನ್ನ ಜೀವ ಹಾರಿಹೋಯಿತು.

ಬಾಗಿಲಲ್ಲಿ ಅತ್ತೆ ಮಗಳನ್ನು ಎತ್ತಿಕೊಂಡು ನಿಂತಿದ್ದರು. ಮಗನ ಮೈ ಕೈ ಮುಟ್ಟಿ ಮುಟ್ಟಿ ನೋಡಿದರು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಇವರು ನಡೆದದ್ದನ್ನೆಲ್ಲ ಹೇಳಿದರು. ನಾನು ಕೂಗಿದ್ದನ್ನೂ, ಏನೇನು ಕೂಗಿದೆ ಎಂಬುದನ್ನೂ ಬಿಡದೆ ಹೇಳಿದರು. ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಹೋದರು.

ನಾನು ಅಂಗಳದಲ್ಲೇ ನಿಂತೆ. ಒಳಗೆ ಹೋಗುವ ಧೈರ್ಯವಿರಲಿಲ್ಲ. ಅತ್ತೆ ಶಿಸ್ತಿನ ಹೆಂಗಸು, ಬೆಳಿಗ್ಗೆ ತಲೆಯ ಮೇಲಿನ ಸೆರಗು ಜಾರಿದರೂ ಕಣ್ಣಿಂದಲೇ ಸುಡುವವರು. ಅವರ ಗಂಡನ ಹೆಸರನ್ನು ನಾನು ಹೊಳೆದಂಡೆಯಲ್ಲಿ ದನ ಮೇಯಿಸುವವರಿಗೂ ಕೇಳುವಂತೆ ಕೂಗಿ ಬಂದಿದ್ದೆ. ತವರಿಗೆ ಕಳಿಸುತ್ತಾರೆ ಎಂದುಕೊಂಡೆ. ಕಳಿಸಲಿ, ಇವರೊಬ್ಬರು ಬದುಕಿದ್ದರೆ ಸಾಕು. ಆದರೆ ಬದುಕುತ್ತಾರೆಯೇ ಎಂದು ಕೇಳಲು ಆ ಮನೆಯಲ್ಲಿ ಅತ್ತೆಯನ್ನು ಬಿಟ್ಟು ನನಗೆ ಇನ್ನಾರಿದ್ದರು?

ಹೊತ್ತು ಇಳಿದ ಮೇಲೆ ಅಡುಗೆಮನೆಗೆ ಹೋದೆ. ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅವರ ಕಾಲು ಮುಟ್ಟಿ, ತಪ್ಪಾಯಿತು ಅತ್ತಿ, ಇವರಿಗೇನಾದರೂ ಆಗುತ್ತದೆಯೇ ಎಂದು ಕೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹೆಂಚಿಗೆ ಹಾಕಿ, ನೀರು ಸವರಿ, ಆಮೇಲೆ ಹೇಳಿದರು. ಮಾವ ಹೇಗೆ ತೀರಿಕೊಂಡರು ಎಂದು ಅಲ್ಲಿಯ ತನಕ ಆ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಹೊಳೆಯ ಇಳಿಜಾರಿನಲ್ಲಿ ಕಬ್ಬಿನ ಚಕ್ಕಡಿಗಳು ಸಾಲಾಗಿ ನಿಂತಿದ್ದವಂತೆ. ಮಾವ ತಮ್ಮ ಚಕ್ಕಡಿಯ ಹಿಂದೆ ಬಗ್ಗಿ ಹಗ್ಗ ಬಿಗಿಯುತ್ತಿದ್ದರು. ಮೇಲಿನ ಚಕ್ಕಡಿಯ ಗಾಲಿಗೆ ಕೊಟ್ಟ ಕಲ್ಲು ಸರಿದು, ಅದು ಅವರ ಬೆನ್ನಿನತ್ತ ಉರುಳತೊಡಗಿತು. ಬುತ್ತಿ ತಂದಿದ್ದ ಅತ್ತೆ ದೂರದಿಂದ ಅದನ್ನು ಕಂಡರು.

‘ನಾ ಏನ್ರೀ, ಏನ್ರೀ ಅಂತ ಒದರಿದ್ನೆವ್ವಾ,’ ಎಂದರು ಅತ್ತೆ. ‘ದಂಡಿಮ್ಯಾಲಿದ್ದ ಗಂಡಸರೆಲ್ಲಾ ತಿರಗಿ ನೋಡಿದ್ರು. ಯಾರದೋ ಹೇಣ್ತಿ ಯಾರನ್ನೋ ಕರ್ಯಾಕತ್ತಾಳ ಅಂತ ಅವರೊಬ್ಬರು ತಿರಗಿ ನೋಡಲಿಲ್ಲ.’